ಕಾಲಮ್ಮಿಲ್ಲದ ಮಕ್ಕಳು

ಈ ದೇಶದಲ್ಲಿ ಒಂದು ಮಗು ಹುಟ್ಟಿದರೆ ಇಪ್ಪತ್ತೊಂದು ದಿನಗಳೊಳಗೆ ಸರ್ಕಾರಕ್ಕೆ ತಿಳಿಸತಕ್ಕದ್ದೆಂದು 1969ರ ಜನನ ಮರಣ ನೋಂದಣಿ ಕಾಯಿದೆ ವಿಧಿಸುತ್ತದೆ. ತಿಳಿಸುವುದಕ್ಕೆ ಒಂದು ಫಾರಮ್ಮು ಇದೆ. ಕಡತಗಳ ನಡುವೆಯೇ ತಲೆ ನರೆಯುತ್ತಿರುವ ನಮ್ಮಂಥವರಿಗೆ ಫಾರಮ್ಮುಗಳ ಮೇಲೆ ಗೌರವವೂ ಇದೆ, ಗುಮಾನಿಯೂ ಇದೆ. ಆದುದರಿಂದ ಅದನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿ ನೋಡಿದೆವು. ಮಗು ಗಂಡೋ ಹೆಣ್ಣೋ, ಎಲ್ಲಿ ಹುಟ್ಟಿತು, ತಂದೆ ತಾಯಿ ಯಾರು ಎಂಬುದು ಸರಿಯೆ. ಅದರಾಚೆಗೂ ಸರ್ಕಾರಕ್ಕೆ ಬಹಳ ಕುತೂಹಲ. ಕುಟುಂಬದ ಧರ್ಮ ಯಾವುದು, ತಂದೆ ಎಷ್ಟು ಓದಿದ್ದಾನೆ, ತಾಯಿಯ ಉದ್ಯೋಗವೇನು, ಮದುವೆಯಾದಾಗ ಅವಳ ವಯಸ್ಸೆಷ್ಟು, ಹೆರುವಾಗ ಎಷ್ಟು, ಇದು ಎಷ್ಟನೆಯ ಹೆರಿಗೆ, ಹೆರಿಗೆ ಮಾಡಿಸಿದವರು ಯಾರು, ಸಹಜವೋ ಶಸ್ತ್ರಕ್ರಿಯೆಯೋ, ಮಗು ಎಷ್ಟು ತೂಗಿತು, ಎಷ್ಟು ವಾರ ತುಂಬಿತ್ತು, ಇಷ್ಟನ್ನೂ ಕೇಳುತ್ತದೆ. 2023ರ ತಿದ್ದುಪಡಿಯಾದ ಮೇಲೆ ತಂದೆ ತಾಯಿಯರ ಆಧಾರ್ ಸಂಖ್ಯೆಗೂ ಅಲ್ಲಿ ಜಾಗವಾಯಿತು.

ಆದರೆ ಮಗುವಿನ ತುಟಿ ಸೀಳಿತ್ತೆ, ಪಾದ ಒಳಕ್ಕೆ ತಿರುಚಿಕೊಂಡಿತ್ತೆ, ಬೆನ್ನಿನ ಮೇಲೆ ಹುರಿ ತೆರೆದುಕೊಂಡಿತ್ತೆ, ಕೈಬೆರಳು ಐದಿದ್ದುವೆ, ತಲೆ ಅಳತೆಗಿಂತ ಹಿರಿದೋ ಕಿರಿದೋ, ಇದನ್ನು ಆ ಫಾರಮ್ಮು ಕೇಳುವುದಿಲ್ಲ. ಅದಕ್ಕೆ ಕಾಲಮ್ಮಿಲ್ಲ.

ಇದೇನು ಅಂಥ ದೊಡ್ಡ ಮಾತು, ಒಂದು ಕಾಲಮ್ಮಿಗೆ ಸಂಘದ ಪತ್ರಿಕೆಯಲ್ಲಿ ನಾಲ್ಕು ಪುಟ ಬೇಕೆ ಎಂದು ಓದುಗರು ಕೇಳಬಹುದು. ಬೇಕು ಎಂಬುದೇ ನಮ್ಮ ವಾದ. ಈ ಒಂದು ಕಾಲಮ್ಮು ಇಲ್ಲದ್ದರಿಂದ ಕನ್ನಡ ನಾಡಿನ ಒಂದು ಮೂಲೆಯ ಜನ ಎರಡು ತಲೆಮಾರು ಕಾಲ ಏನನ್ನು ಅನುಭವಿಸಿದರು ಎಂಬುದನ್ನು ಹೇಳಿದರೆ ನಮ್ಮ ಮಾತು ಅತಿಯಾಯಿತೆಂದು ಯಾರೂ ಅನ್ನಲಾರರು.

ಆ ಮೂಲೆ ಕಾಸರಗೋಡು. ಪ್ರತಿ ನವೆಂಬರಿನಲ್ಲಿ ದೆಹಲಿಯ ಕನ್ನಡಿಗರಾದ ನಾವು ವೇದಿಕೆ ಹಾಕಿ, ಬಾವುಟ ಕಟ್ಟಿ, ಕಾಸರಗೋಡಿನ ಹೆಸರೆತ್ತದೆ ರಾಜ್ಯೋತ್ಸವ ಮುಗಿಸಿದ್ದು ಅಪರೂಪ. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ನಮಗೆ ಕೊಡಬೇಕೆಂದಿತು, ಕೊಡಲಿಲ್ಲ ಎಂದು ಮರುಗುತ್ತೇವೆ. ಮರುಗುವುದು ತಪ್ಪಲ್ಲ. ಆದರೆ ಅದೇ ಚಂದ್ರಗಿರಿಯ ಉತ್ತರಕ್ಕೆ, ಎಣ್ಮಕಜೆ ಪಂಚಾಯತಿಯಲ್ಲಿ, ಪಡ್ರೆ ಎಂಬ ಗ್ರಾಮವಿದೆ. ಆ ಸುತ್ತಿನ ಒಂದು ಊರಿನ ಹೆಸರೇ ಸ್ವರ್ಗ. ಆ ನೆಲಕ್ಕಾಗಿ ನಾವು ನಿರ್ಣಯ ಮಾಡುತ್ತಿದ್ದ ವರ್ಷಗಳಲ್ಲಿ ಆ ನೆಲದ ಮೇಲೆ ಹುಟ್ಟಿದ ಮಕ್ಕಳನ್ನು ಯಾರೂ ಎಣಿಸಲಿಲ್ಲ. ನಾವೂ ಕೇಳಲಿಲ್ಲ.

ನಡೆದದ್ದು ಬಹುಮಂದಿಗೆ ಸ್ಥೂಲವಾಗಿ ಗೊತ್ತು. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳು ಕಾಸರಗೋಡಿನ ಗುಡ್ಡಗಳ ಮೇಲೆ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿ ಹರಡಿದ್ದವು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ವರ್ಷ ವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಯಲುಸೀಮೆಯ ಹೊಲವಾದರೆ ಬೆಳೆಯ ತಲೆಗೆ ತಾಗುವಂತೆ ಹಾರಬಹುದು. ಈ ಗುಡ್ಡ ಕಣಿವೆಗಳಲ್ಲಿ ಅದಾಗದು. ಗುಡ್ಡದ ನೆತ್ತಿಯಲ್ಲಿ ತೋಟ, ತಪ್ಪಲಲ್ಲಿ ಮನೆ, ನಡುವೆ ತೋಡು, ಸುರಂಗದ ನೀರು, ಬಾಯಿ ತೆರೆದ ಬಾವಿ. ಮೇಲಿಂದ ಬಿದ್ದದ್ದು ಎಲ್ಲಿಗೆ ಇಳಿಯಿತೆಂದು ಹೇಳಲು ವಿಜ್ಞಾನ ಓದಿರಬೇಕಾಗಿಲ್ಲ.

ಮೊದಲು ಕಂಡದ್ದು ದನದ ಕೊಟ್ಟಿಗೆಯಲ್ಲಿ. ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿರುವುದನ್ನು ಅಲ್ಲಿನ ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಎಂಬತ್ತರ ದಶಕ ಹುಟ್ಟುವ ಹೊತ್ತಿಗೇ ಗಮನಿಸಿ ಬರೆದರು. ವಾಣೀನಗರದಲ್ಲಿ ಔಷಧಾಲಯ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟುವೈಕಲ್ಯ, ಅರ್ಬುದಗಳು ಒಂದೇ ಸುತ್ತಿನ ಮನೆಗಳಿಂದ ಬರುತ್ತಿರುವುದನ್ನು ಕಂಡು ತಾವೇ ಮನೆ ಮನೆಯ ಲೆಕ್ಕ ಇಡತೊಡಗಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ 1998ರಲ್ಲಿ ಸಿಂಪಡಣೆಗೆ ತಡೆ ತಂದರು. ನಮ್ಮಂತೆ ಅವರೂ ಒಬ್ಬ ಸರ್ಕಾರಿ ನೌಕರರು ಎಂಬುದನ್ನು ನಾವು ಸ್ವಲ್ಪ ಹೆಮ್ಮೆಯಿಂದಲೂ ಹೆಚ್ಚು ನಾಚಿಕೆಯಿಂದಲೂ ಇಲ್ಲಿ ಬರೆಯುತ್ತಿದ್ದೇವೆ.

ಒಬ್ಬ ಕೃಷಿಕ, ಒಬ್ಬ ಹಳ್ಳಿಯ ಡಾಕ್ಟರು, ಒಬ್ಬ ಹೆಣ್ಣುಮಗಳು. ಎಣಿಸುವ, ಬರೆಯುವ, ತಡೆಯುವ ಕೆಲಸವನ್ನು ಈ ಮೂವರಂಥವರು ತಮ್ಮ ಸ್ವಂತ ಹೊತ್ತಿನಲ್ಲಿ ಮಾಡಿದರು. ಅದಕ್ಕೆಂದೇ ಸಂಬಳ ತೆಗೆದುಕೊಳ್ಳುವ ಯಾವ ಇಲಾಖೆಯೂ ಮಾಡಲಿಲ್ಲ.

ಅಲ್ಲಿಂದ ವಿಷಯ ನಮ್ಮ ಊರಿಗೇ, ಅಂದರೆ ದೆಹಲಿಗೇ ಬಂತು. ತುಗಲಕಾಬಾದಿನಲ್ಲಿರುವ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ಹಣ್ಣು, ರಕ್ತ, ತಾಯಿಯ ಹಾಲು ಎಲ್ಲವನ್ನೂ ಪರೀಕ್ಷಿಸಿ 2001ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನ್ ಇದೆ ಎಂದರು. ತೋಟದವರು ನೇಮಿಸಿದ ಇನ್ನೊಂದು ಪ್ರಯೋಗಶಾಲೆ ಇಲ್ಲ ಎಂದಿತು. ಮಾನವ ಹಕ್ಕುಗಳ ಆಯೋಗ ಎಚ್ಚರಗೊಂಡ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಗೆ ಹೋಯಿತು. ಅಲ್ಲಿನ 117 ಗಂಡು ಹುಡುಗರನ್ನು ಸುಮಾರು ಇಪ್ಪತ್ತು ಕಿಲೋಮೀಟರು ದೂರದ, ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಡನೆ ಹೋಲಿಸಿ, ಪಡ್ರೆಯವರಲ್ಲಿ ಪ್ರಾಯ ಬರುವುದು ತಡವಾಗಿದೆ, ಹುಟ್ಟುನ್ಯೂನತೆಗಳೂ ಹೆಚ್ಚು ಎಂದು ವರದಿ ಕೊಟ್ಟಿತು. ಇತ್ತ ಕೃಷಿ ಇಲಾಖೆಯ ಕಡೆಯಿಂದ ಕುಳಿತ ಡಾ. ಒ.ಪಿ. ದುಬೆ ಸಮಿತಿ, ಅದರ ಹಿಂದೆಯೇ ಡಾ. ಸಿ.ಡಿ. ಮಾಯಿ ಸಮಿತಿ, ಈ ರೋಗಗಳಿಗೂ ಔಷಧಕ್ಕೂ ನಂಟು ಕಲ್ಪಿಸಲು ಆಧಾರ ಸಾಲದು ಎಂದವು. ಒಂದು ಇಲಾಖೆಯ ವರದಿಗೆ ಇನ್ನೊಂದು ಇಲಾಖೆಯ ವರದಿ ಉತ್ತರ. ಕಡತ ದಪ್ಪವಾಗುತ್ತ ಹೋಯಿತು.

ಈ ಜಗಳದ ಮೂಲವೇನು? ನಾವು ಹಿಂದೆಂದೋ ಬಿ.ಎಸ್‌ಸಿ.ಗೆ ಓದಿದ ಅಲ್ಪ ಸಂಖ್ಯಾಶಾಸ್ತ್ರವೇ ಇದನ್ನು ತಿಳಿಯಲು ಸಾಕು. ಭಿನ್ನರಾಶಿಗೆ ಅಂಶವೊಂದು, ಛೇದವೊಂದು. ಪಡ್ರೆಯಲ್ಲಿ ಇಷ್ಟು ಮಕ್ಕಳಿಗೆ ವೈಕಲ್ಯವಿದೆ ಎಂಬುದು ಅಂಶ. ಎಷ್ಟು ಹುಟ್ಟಿದ್ದರಲ್ಲಿ ಇಷ್ಟು? ಸಿಂಪಡಣೆಗೆ ಮೊದಲು, 1970ರಲ್ಲಿ, ಎಷ್ಟಿತ್ತು? ಪಕ್ಕದ ಪುತ್ತೂರಿನಲ್ಲಿ, ಸುಳ್ಯದಲ್ಲಿ, ಮಂಜೇಶ್ವರದಲ್ಲಿ ಎಷ್ಟು? ಹೊಟ್ಟೆಯಲ್ಲೇ ಸತ್ತವೆಷ್ಟು, ಹುಟ್ಟಿದ ವಾರದಲ್ಲೇ ಹೂಳಿದ್ದೆಷ್ಟು? ಇದಾವುದೂ ಎಲ್ಲಿಯೂ ಬರೆದಿರಲಿಲ್ಲ. ಹುಟ್ಟಿದ ದಿನವೇ ಒಂದು ಗೀಟು ಎಳೆದಿದ್ದರೆ ಐದು ವರ್ಷಗಳಲ್ಲಿ ತೀರಬಹುದಾಗಿದ್ದ ವಾದವನ್ನು ಇಪ್ಪತ್ತೈದು ವರ್ಷಗಳ ಮೇಲೆ, ಬದುಕುಳಿದವರನ್ನಷ್ಟೆ ಸಾಲಾಗಿ ನಿಲ್ಲಿಸಿ ತೀರಿಸಲು ಹೊರಟರು.

ಛೇದವಿಲ್ಲದ ಕಡೆ ಯಾರು ಏನನ್ನಾದರೂ ಹೇಳಬಹುದು. ತುಳುನಾಡಿನಲ್ಲಿ ಸೋದರ ಸಂಬಂಧದ ಮದುವೆ ಹೆಚ್ಚು, ಅದೇ ಕಾರಣವಿರಬೇಕು ಎಂದವರಿದ್ದರು. ಇರಬಹುದು, ಇಲ್ಲದಿರಬಹುದು. ಆದರೆ ಹಾಗೆ ಹೇಳಿದವರ ಕೈಯಲ್ಲಿಯೂ ಲೆಕ್ಕವಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಇದರದೇ ತಿರುಗುಮುರುಗಾದ ಕಥೆ ನಡೆದಿದೆ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಬಡ ದಲಿತ ಕುಟುಂಬಗಳ ಜನ ಸೊಂಟ, ಮಂಡಿ, ಬೆನ್ನು ಹಿಡಿದುಕೊಂಡು ನೆಲ ಹಿಡಿಯುತ್ತಿರುವುದು ಬೆಳಕಿಗೆ ಬಂತು. ಅಲ್ಲಿ ಮೊದಲ ಗುಮಾನಿ ಗದ್ದೆಗೆ ಹೊಡೆಯುವ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ ತಿಂದದ್ದರ ಮೇಲೆ. ಕಡೆಗೆ ಸಂಶೋಧಕರು ಅದು ವಂಶವಾಹಿಯಲ್ಲಿ ಇಳಿದು ಬರುವ ರೋಗವೆಂದು ಕಂಡುಕೊಂಡರು. ಹಂದಿಗೋಡು ರೋಗ ಹುಟ್ಟಿದ ದಿನವೇ ಕಾಣುವಂಥದಲ್ಲ, ಅದು ಬೇರೆ ಮಾತು. ಆದರೆ ಒಂದು ಕಡೆ ವಿಷವೆಂದದ್ದು ವಂಶವಾಯಿತು, ಇನ್ನೊಂದು ಕಡೆ ವಿಷವೆಂದವರಿಗೆ ವಂಶವನ್ನು ತೋರಿಸಿದರು. ಎರಡೂ ಕಡೆ ಊಹೆಯಿಂದ ಹೊರಟು, ಊಹೆಯಲ್ಲೇ ವರ್ಷಗಳು ಕಳೆದವು.

ಎಂಡೋಸಲ್ಫಾನ್ ವಿಷಯದಲ್ಲಿ ನಮ್ಮ ನಂಬಿಕೆ ಪಡ್ರೆಯ ಜನರ ಕಡೆಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಹಾಗಲ್ಲ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಅವರೊಡನೆ ನಮ್ಮ ತಕರಾರು ಇಲ್ಲ. ನಮ್ಮ ತಕರಾರು ಸರ್ಕಾರದೊಡನೆ. ಭಾರತ ಆ ದಿನಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ. ತಯಾರಿಸುತ್ತಿದ್ದವರಲ್ಲಿ ಕೇಂದ್ರ ಸರ್ಕಾರದ್ದೇ ಆದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಒಂದು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಈ ಔಷಧವನ್ನು ನಿಷೇಧದ ಪಟ್ಟಿಗೆ ಸೇರಿಸುವವರೆಗೆ ನಮ್ಮ ಸರ್ಕಾರ ಆಧಾರ ಸಾಲದು, ಆಧಾರ ಸಾಲದು ಎಂದೇ ಹೇಳುತ್ತ ಬಂತು. ಆಧಾರವನ್ನು ಬರೆದಿಡಬೇಕಾಗಿದ್ದವರು ಯಾರು? ಜನನದ ದಫ್ತರವನ್ನು ಕೈಯಲ್ಲಿಟ್ಟುಕೊಂಡಿದ್ದವರು ಯಾರು? ಕಾಲಮ್ಮು ಹಾಕದೆ ಇದ್ದವರೇ ಕಾಲಮ್ಮಿನಲ್ಲಿ ಏನೂ ಇಲ್ಲವಲ್ಲ ಎಂದು ವಾದಿಸಿದರೆ ಅದನ್ನು ನಮ್ಮ ಕಡೆ ಏನೆನ್ನುತ್ತಾರೆ ಎಂದು ಓದುಗರಿಗೆ ಗೊತ್ತು.

ಮುಂದಿನದು ಪತ್ರಿಕೆಗಳಲ್ಲಿ ಬಂದದ್ದೇ. 2010ರ ಡಿಸೆಂಬರ್ 31ರಂದು ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಔಷಧವನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ, ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಕೇರಳ ಸರ್ಕಾರಕ್ಕೆ ಅಪ್ಪಣೆಯಾಯಿತು. ಐದು ವರ್ಷಗಳ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ಕೋರ್ಟು ಮತ್ತೆ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಜನರಿಗೆ. ಅವರೂ ನ್ಯಾಯಾಲಯ ನಿಂದನೆಯ ಅರ್ಜಿ ಹಾಕಿದವರು. ನ್ಯಾಯಾಧೀಶರು ಗದರಿಸಿದ ಮೇಲೆ ಉಳಿದವರ ಹಣ ಹೊರಟಿತು.

ಹಣಕ್ಕಿಂತ ಕಹಿಯಾದದ್ದು ಪಟ್ಟಿಯ ಸಂಗತಿ. ಯಾರು ಸಂತ್ರಸ್ತರು, ಯಾರು ಅಲ್ಲ? ಇದನ್ನು ತೀರ್ಮಾನಿಸಲು ವೈದ್ಯಕೀಯ ಶಿಬಿರಗಳನ್ನು ನಡೆಸಿದರು. ಹೆಸರು ಸೇರಿತು, ಹೆಸರು ಬಿಟ್ಟಿತು, ಬಿಟ್ಟದ್ದು ಮತ್ತೆ ಸೇರಿತು. ಇಪ್ಪತ್ತು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತ ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಮುಂದೆ ಉಪವಾಸ ಕೂತರು. 2019ರಲ್ಲಿ ಕೂತದ್ದನ್ನು ದೇಶವೆಲ್ಲ ನೋಡಿತು. ಮಗ ಹೀಗೆಯೇ ಹುಟ್ಟಿದನೆಂದು ತೋರಿಸಲು ಆ ತಾಯಿಯ ಹತ್ತಿರ ಒಂದು ಚೀಟಿಯಿಲ್ಲ. ಅವಳ ಕೈಯಲ್ಲಿರುವ ಜನನ ಪತ್ರದಲ್ಲಿ ದಿನಾಂಕವಿದೆ, ಊರಿದೆ. ಸರ್ಕಾರದ ದಫ್ತರದಲ್ಲಿ ಅವಳ ಓದು, ಅವಳ ಮದುವೆಯ ವಯಸ್ಸು, ಎಲ್ಲವೂ ಇದೆ.

ಇದು ಕೇರಳದವರ ಪಾಡು ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಕರ್ನಾಟಕ ಗೇರು ಅಭಿವೃದ್ಧಿ ನಿಗಮದವರು ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಇದೇ ಔಷಧವನ್ನು ಇದೇ ರೀತಿ ಸುರಿದರು. ಅಲ್ಲಿಯೂ ಇದೇ ಮಕ್ಕಳು, ಇದೇ ಶಿಬಿರ, ಇದೇ ಪಟ್ಟಿ. ಗಡಿಯ ಆಚೆ ಈಚೆ ಭಾಷೆಯ ಜಗಳವಿದ್ದರೂ ಫಾರಮ್ಮು ಮಾತ್ರ ಒಂದೇ.

ಹಾಗಾದರೆ ಇದು ಬಡದೇಶಗಳಿಂದ ಆಗದ ಕೆಲಸವೆ? ಶ್ರೀಮಂತ ದೇಶಗಳು ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. 1957ರಿಂದ ಜರ್ಮನಿಯಲ್ಲಿ, ಆಮೇಲೆ ಇತರ ದೇಶಗಳಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆಯನ್ನು ಬಸುರಿಯರು ನುಂಗಿದರು. ಕೈಕಾಲಿಲ್ಲದ ಮಕ್ಕಳು ಸಾವಿರ ಸಾವಿರವಾಗಿ ಹುಟ್ಟಿದರು. 1961ರ ಕೊನೆಯಲ್ಲಿ ಜರ್ಮನಿಯ ಲೆಂಟ್ಸ್, ಆಸ್ಟ್ರೇಲಿಯದ ಮೆಕ್‌ಬ್ರೈಡ್ ಎಂಬ ವೈದ್ಯರು ಎಚ್ಚರಿಸುವವರೆಗೆ ಯಾವ ಸರ್ಕಾರಕ್ಕೂ ತಿಳಿಯಲಿಲ್ಲ; ಅಲ್ಲಿಯೂ ಎಣಿಸುವವರು ಇರಲಿಲ್ಲ. ಆ ಬಳಿಕ ಎಚ್ಚೆತ್ತು ಬ್ರಿಟನ್ 1964ರಲ್ಲಿ ಇಂಥ ಶಿಶುಗಳ ವರದಿ ಪಡೆಯುವ ಏರ್ಪಾಡು ಮಾಡಿತು. ಹಲವು ದೇಶಗಳು ಹಿಂಬಾಲಿಸಿದವು.

ಆದರೆ ನಮಗೆ ಹತ್ತಿರದ ಪಾಠ ಬ್ರಿಟನ್ನಿನದಲ್ಲ, ದಕ್ಷಿಣ ಅಮೆರಿಕದ್ದು. 1967ರಲ್ಲಿ ಅರ್ಜೆಂಟೀನಾದ ಡಾ. ಎಡ್ವಾರ್ಡೊ ಕಸ್ತಿಲ್ಯ ಎಂಬವರು ಕೆಲವು ಹೆರಿಗೆ ಆಸ್ಪತ್ರೆಗಳ ವೈದ್ಯರನ್ನು ಕೂಡಿಸಿ ಒಂದು ಪದ್ಧತಿ ಹಾಕಿದರು. ಅದರ ಜಾಣ್ಮೆಯನ್ನು ನೋಡಿ. ವೈಕಲ್ಯವಿರುವ ಮಗು ಹುಟ್ಟಿದಾಗ ಅದರ ವಿವರ ಬರೆಯುವುದು. ಅದೇ ಆಸ್ಪತ್ರೆಯಲ್ಲಿ ಅದರ ಹಿಂದೆಯೇ ಹುಟ್ಟುವ, ಅದೇ ಲಿಂಗದ, ಆರೋಗ್ಯವಾದ ಮಗುವಿನ ವಿವರವನ್ನೂ ಹಾಗೆಯೇ ಬರೆಯುವುದು. ಇಬ್ಬರು ತಾಯಂದಿರಿಗೂ ಒಂದೇ ಪ್ರಶ್ನೆಗಳು: ಏನು ತಿಂದಿರಿ, ಯಾವ ಔಷಧ ಕುಡಿದಿರಿ, ಏನು ಕೆಲಸ ಮಾಡುತ್ತಿದ್ದಿರಿ, ಗಂಡ ನಿಮಗೆ ಸಂಬಂಧಿಕನೆ? ದೊಡ್ಡ ಯಂತ್ರವಿಲ್ಲ, ದೊಡ್ಡ ಹಣವಿಲ್ಲ. ಒಂದಕ್ಕೆ ಒಂದು ಜೋಡಿ ಇಟ್ಟು ನೋಡುವ, ನಮ್ಮ ಅಂಗಡಿಯ ತಕ್ಕಡಿಯ ಲೆಕ್ಕ. ಸಾಲದಲ್ಲಿ ಮುಳುಗಿದ, ಸೈನಿಕ ಆಡಳಿತದಲ್ಲಿ ನಲುಗಿದ ದೇಶಗಳಲ್ಲಿ ಆ ಜಾಲ ದಶಕಗಟ್ಟಲೆ ನಡೆಯಿತು.

ಬ್ರೆಜಿಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾವು ಯಾವುದನ್ನು ಕೇಳುತ್ತಿದ್ದೇವೋ ಅದನ್ನೇ ಮಾಡಿತು. ಅಲ್ಲಿ ಮಗು ಹುಟ್ಟಿದೊಡನೆ ಆಸ್ಪತ್ರೆಯವರು ತುಂಬುವ ಫಾರಮ್ಮಿನಲ್ಲಿ ಹುಟ್ಟುನ್ಯೂನತೆ ಇದೆಯೆ, ಇದ್ದರೆ ಯಾವುದು ಎಂದು ಕಾಲಮ್ಮು ಸೇರಿಸಿತು. 2015ರ ದ್ವಿತೀಯಾರ್ಧದಲ್ಲಿ ಪೆರ್ನಾಂಬುಕೊ ಪ್ರಾಂತದ ವೈದ್ಯರು ಕಿರಿದಾದ ತಲೆಯ ಮಕ್ಕಳು ಒಂದರ ಹಿಂದೊಂದು ಹುಟ್ಟುತ್ತಿರುವುದನ್ನು ಕಂಡು ಗಾಬರಿಯಾದರು. ಗಾಬರಿ ಸರಿಯೋ ತಪ್ಪೋ? ಹಿಂದಿನ ವರ್ಷಗಳ ದಫ್ತರ ತೆಗೆದು ನೋಡಿದರು. ಇಡೀ ದೇಶದಲ್ಲಿ ವರ್ಷಕ್ಕೆ ಇಂಥ ಮಕ್ಕಳು ಇನ್ನೂರಕ್ಕೂ ಕಡಿಮೆ ದಾಖಲಾಗುತ್ತಿದ್ದರು. ಈಗ ಒಂದು ಪ್ರಾಂತದಲ್ಲೇ ಅದನ್ನು ಮೀರುವ ಹಾಗಿತ್ತು. ನವೆಂಬರಿನಲ್ಲಿ ಸರ್ಕಾರ ತುರ್ತುಸ್ಥಿತಿ ಸಾರಿತು. 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೇ ಎಚ್ಚರಿಕೆ ಕೊಟ್ಟಿತು. ಸೊಳ್ಳೆಯಿಂದ ಹರಡುವ ಜಿಕಾ ವೈರಸ್ಸೇ ಅದಕ್ಕೆ ಕಾರಣವೆಂದು ಆಮೇಲೆ ಖಚಿತವಾಯಿತು. ಬ್ರೆಜಿಲಿನ ದಫ್ತರವೂ ಪೂರ್ಣವಾಗಿರಲಿಲ್ಲ, ಎಷ್ಟೋ ಮಕ್ಕಳು ಅದರಲ್ಲಿ ಬಿಟ್ಟುಹೋಗಿದ್ದರು. ಆದರೂ ಬ್ರೆಜಿಲಿಗೆ ತಿಂಗಳುಗಳಲ್ಲಿ ತಿಳಿದದ್ದು ಕಾಸರಗೋಡಿಗೆ ಇಪ್ಪತ್ತೈದು ವರ್ಷಗಳಲ್ಲಿ ತಿಳಿಯಲಿಲ್ಲ. ಎರಡೂ ಕಡೆ ಮೊದಲು ಕಂಡವರು ಸಾಮಾನ್ಯ ವೈದ್ಯರೇ. ವ್ಯತ್ಯಾಸವಿದ್ದದ್ದು ಅವರ ಹಿಂದೆ ಇದ್ದ ದಫ್ತರದಲ್ಲಿ.

ನಮ್ಮವರಿಗೆ ಬುದ್ಧಿಯಿಲ್ಲವೆಂದೇನೂ ಅಲ್ಲ. ಬೆಂಗಳೂರಿನಲ್ಲಿಯೇ 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾಯರು ಮತ್ತು ಅವರ ಸಂಗಡಿಗರು ಕರ್ನಾಟಕದ ಲಕ್ಷಕ್ಕೂ ಮೇಲ್ಪಟ್ಟ ನವಜಾತ ಶಿಶುಗಳ ರಕ್ತದ ಹನಿ ತೆಗೆದು, ಹುಟ್ಟಿನಿಂದ ಬರುವ ರಾಸಾಯನಿಕ ದೋಷಗಳಿಗಾಗಿ ಪರೀಕ್ಷಿಸಿದರು. ತಂದೆ ತಾಯಿ ಸಂಬಂಧಿಕರೇ ಎಂದೂ ಕೇಳಿ ಬರೆದುಕೊಂಡರು. ಹೆಚ್ಚು ಕಡಿಮೆ ಮೂರರಲ್ಲೊಂದು ಮದುವೆ ಸಂಬಂಧದೊಳಗೇ ಆದದ್ದೆಂದು ಕಂಡುಬಂತು. ಅದರಲ್ಲಿ ಸೋದರಮಾವನನ್ನೇ ಮದುವೆಯಾದವರು ಬಹಳ. ಈ ದೆಹಲಿಯಲ್ಲಿ ನೆರೆಯವರು, ನಿಮ್ಮಲ್ಲಿ ಮಾಮನನ್ನೇ ಮದುವೆಯಾಗುತ್ತಾರಂತಲ್ಲ ಎಂದು ಹುಬ್ಬೇರಿಸಿದಾಗ ನಾವು ಪೆಚ್ಚು ನಗೆ ನಗುತ್ತೇವೆ. ಅದರಿಂದ ಹಾನಿಯೆಷ್ಟು, ಇಲ್ಲವೆಷ್ಟು ಎಂದು ನಿಜಕ್ಕೂ ಅಳೆಯಲು ಕೂತವರು ಇವರು. ಅಂಥ ಕೆಲಸ ಒಂದು ಸಂಶೋಧನೆಯಾಗಿ ನಡೆದು ಮುಗಿಯಿತೇ ಹೊರತು ಸರ್ಕಾರದ ದಿನನಿತ್ಯದ ಲೆಕ್ಕವಾಗಲಿಲ್ಲ. ಚೆನ್ನೈಯಲ್ಲಿಯೂ 2001ರಿಂದ ಒಂದು ಖಾಸಗಿ ಪ್ರತಿಷ್ಠಾನ ಆಸ್ಪತ್ರೆಗಳನ್ನು ಒಲಿಸಿಕೊಂಡು ಹುಟ್ಟುನ್ಯೂನತೆಗಳ ದಾಖಲೆ ಆರಂಭಿಸಿತು. ಒಲಿದವರು ಬರೆದರು, ಒಲಿಯದವರು ಬಿಟ್ಟರು.

ಇನ್ನು ಆಕ್ಷೇಪಣೆಗಳಿಗೆ ಬರೋಣ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆಯಲ್ಲ, ಅದು ಮಾಡುತ್ತಿಲ್ಲವೆ ಎನ್ನುವವರಿದ್ದಾರೆ. 2013ರಲ್ಲಿ ಬಂದ ಆ ಕಾರ್ಯಕ್ರಮವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವನ್ನು ತಲೆಯಿಂದ ಕಾಲಿನವರೆಗೆ ನೋಡಬೇಕೆಂದು ಅದು ವಿಧಿಸಿತು. ಸೀಳುತುಟಿ, ತಿರುಚುಪಾದ, ಹೃದಯದ ರಂಧ್ರ, ಹುಟ್ಟುಕುರುಡು, ಹುಟ್ಟುಕಿವುಡು ಮೊದಲಾದವನ್ನು ಹುಡುಕಿ ಜಿಲ್ಲಾ ಕೇಂದ್ರಕ್ಕೆ ಕಳಿಸಿ ಚಿಕಿತ್ಸೆ ಕೊಡಿಸುವ ದಾರಿ ತೋರಿಸಿತು. ಎಷ್ಟೋ ಮಕ್ಕಳ ಪಾದ ನೆಟ್ಟಗಾಗಿದೆ. ಆದರೆ ಅದು ಚಿಕಿತ್ಸೆಯ ಲೆಕ್ಕ. ಹುಡುಕಿ ಸಿಕ್ಕವರ ಲೆಕ್ಕ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದ್ದು, ಹುಟ್ಟಿ ಎರಡು ಗಂಟೆಯಲ್ಲಿ ಸತ್ತದ್ದು, ಸತ್ತೇ ಹುಟ್ಟಿದ್ದು ಅದರ ಬಲೆಯಿಂದ ಜಾರುತ್ತವೆ. ಜನನದ ದಫ್ತರವಾದರೋ ಎಲ್ಲರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ವರದಿಯಂತೆ ದೇಶದಲ್ಲಿ ನೂರಕ್ಕೆ ಸುಮಾರು 89, ಕರ್ನಾಟಕದಲ್ಲಿ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಮನೆಯಲ್ಲಿ ಸೂಲಗಿತ್ತಿ ಹೆರಿಗೆ ಮಾಡಿಸುತ್ತಿದ್ದ ಕಾಲದಲ್ಲಿ ಈ ಕಾಲಮ್ಮು ಕೇಳಿದ್ದರೆ ಆಗದು ಎನ್ನಬಹುದಾಗಿತ್ತು. ಈಗ ಆ ನೆಪವೂ ಇಲ್ಲ.

ಸಣ್ಣ ಆಸ್ಪತ್ರೆಯ ದಾದಿಗೆ ಇದೆಲ್ಲ ಹೇಗೆ ತಿಳಿಯಬೇಕು ಎಂಬುದು ಇನ್ನೊಂದು ಮಾತು. ಹೃದಯದ ರಂಧ್ರ ತಿಳಿಯದಿರಬಹುದು. ಸೀಳಿದ ತುಟಿಯನ್ನು, ಆರನೆಯ ಬೆರಳನ್ನು, ಬೆನ್ನಿನ ಗಂಟನ್ನು, ತಿರುಚಿದ ಪಾದವನ್ನು ಗುರುತಿಸಲು ಎಂ.ಡಿ. ಮಾಡಿರಬೇಕೆ? ಕಣ್ಣಿಗೆ ಕಾಣುವ ಹತ್ತು ಬಗೆಯನ್ನು ಅಚ್ಚು ಹಾಕಿ, ಎದುರಿಗೆ ಚೌಕ ಬಿಟ್ಟರೆ ಸಾಕು. ಮಗುವನ್ನು ತೂಗಿ ಗ್ರಾಮು ಬರೆಯುವ ಕೈ ಒಂದು ಟಿಕ್ಕು ಹಾಕಲಾರದೆ?

ಮಾನದ ಪ್ರಶ್ನೆ ನಿಜಕ್ಕೂ ದೊಡ್ಡದು, ಅದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಇಂಥ ಮಗು ಹುಟ್ಟಿದರೆ ಮೊದಲು ಬೈಗಳು ತಿನ್ನುವವಳು ತಾಯಿ. ಗ್ರಹಣದ ದಿನ ಹೊರಗೆ ಬಂದೆಯಾ, ಕತ್ತಿ ಹಿಡಿದೆಯಾ ಎಂದು ಅತ್ತೆ ಕೇಳುತ್ತಾಳೆ. ಕರ್ಮಫಲವೆಂದು ನೆರೆಯವರು ಅನ್ನುತ್ತಾರೆ. ಹೀಗಿರುವಾಗ ಜನನ ಪತ್ರದಲ್ಲಿ ಅದನ್ನು ಬರೆದರೆ ಮಗುವಿನ ಹಣೆಗೇ ಬರೆದಂತಾಗದೆ? ಆಗುವುದಿಲ್ಲ, ಇದು ಕಚೇರಿಯ ಕೆಲಸ ಬಲ್ಲವರಿಗೆ ತಿಳಿದ ಸಂಗತಿ. ಆ ಫಾರಮ್ಮಿಗೆ ಎರಡು ಭಾಗ. ಒಂದು ಕಾನೂನಿನ ಭಾಗ, ಜನನ ಪತ್ರ ಹೊರಡುವುದು ಅದರಿಂದ. ಇನ್ನೊಂದು ಅಂಕಿಅಂಶದ ಭಾಗ. ತಾಯಿಯ ಓದು, ಮದುವೆಯ ವಯಸ್ಸು, ಮಗುವಿನ ತೂಕ ಇರುವುದು ಅಲ್ಲಿ. ಕಾಗದದ ಫಾರಮ್ಮಿನಲ್ಲಿ ಆ ಭಾಗವನ್ನು ಬೇರ್ಪಡಿಸಿಯೇ ಅಂಕಿಅಂಶದ ಕಚೇರಿಗೆ ಕಳಿಸುವ ಪದ್ಧತಿ. ತಾಯಿಯ ಮದುವೆಯ ವಯಸ್ಸು ಯಾವ ಜನನ ಪತ್ರದಲ್ಲಿ ಅಚ್ಚಾಗಿದೆ? ನಮ್ಮ ಕಾಲಮ್ಮೂ ಅಲ್ಲಿಯೇ, ತೂಕದ ಪಕ್ಕದಲ್ಲೇ ಕೂರಲಿ. ಸತ್ತು ಹುಟ್ಟಿದ ಮಗುವಿಗೆ ಬೇರೆ ಫಾರಮ್ಮಿದೆ. ಅದರಲ್ಲಿಯೂ ಇದು ಇರತಕ್ಕದ್ದು.

ಕೊನೆಯದಾಗಿ, ಎಣಿಸಿ ಏನು ಮಾಡುತ್ತೀರಿ, ಹುಟ್ಟಿದ್ದು ಹುಟ್ಟಿತು ಎಂಬ ವೈರಾಗ್ಯದ ಮಾತು. ವೈರಾಗ್ಯ ಒಳ್ಳೆಯದೇ, ಆದರೆ ಬೆನ್ನುಹುರಿ ತೆರೆದ ಮಗುವಿನ ವಿಷಯದಲ್ಲಿ ಅದು ಅಜ್ಞಾನ. ಗರ್ಭ ಕಟ್ಟಿದ ಇಪ್ಪತ್ತೆಂಟು ದಿನಗಳೊಳಗೆ ಆ ಹುರಿಯ ಕೊಳವೆ ಮುಚ್ಚಿಕೊಳ್ಳಬೇಕು. ಫೋಲಿಕ್ ಆಮ್ಲವೆಂಬ ಜೀವಸತ್ವ ತಾಯಿಯ ಮೈಯಲ್ಲಿ ಸಾಕಷ್ಟಿದ್ದರೆ ಬಹುಪಾಲು ಮುಚ್ಚಿಕೊಳ್ಳುತ್ತದೆ. ಹಿಂದೆ ಅಂಥ ಮಗುವನ್ನು ಹೆತ್ತವರಲ್ಲಿ ಮತ್ತೆ ಹಾಗಾಗುವುದು ಇದರಿಂದ ನೂರಕ್ಕೆ ಎಪ್ಪತ್ತರಷ್ಟು ತಪ್ಪುತ್ತದೆಂದು 1991ರಲ್ಲಿಯೇ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ತೋರಿಸಿತು. ನಮ್ಮ ಆಸ್ಪತ್ರೆಗಳಲ್ಲಿ ಕಬ್ಬಿಣದ ಜತೆ ಆ ಮಾತ್ರೆ 1970ರಿಂದಲೂ ಕೊಡುತ್ತಾರೆ. ಆದರೆ ಬಸುರಿ ಬಂದು ಹೆಸರು ಬರೆಸಿದ ಮೇಲೆ. ಎಂದರೆ ಎರಡನೆಯದೋ ಮೂರನೆಯದೋ ತಿಂಗಳಲ್ಲಿ. ಕೊಳವೆ ಮುಚ್ಚಬೇಕಾದ ದಿನ ಅಷ್ಟರಲ್ಲಿ ಕಳೆದಿರುತ್ತದೆ. ಅದಕ್ಕೇ ಅಮೆರಿಕ 1998ರಿಂದ ಹಿಟ್ಟಿಗೇ ಅದನ್ನು ಬೆರೆಸುವುದನ್ನು ಕಡ್ಡಾಯ ಮಾಡಿತು, ಬೆರೆಸಿದ ಮೇಲೆ ಇಂಥ ಹೆರಿಗೆ ಕಡಿಮೆಯಾಯಿತೆಂದು ತನ್ನ ದಾಖಲೆ ತೆಗೆದು ತೋರಿಸಿತು. ನಮ್ಮಲ್ಲಿಯೂ 2021ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ, ಪಡಿತರದ ಅಕ್ಕಿಗೆ ಪೋಷಕಾಂಶ ಬೆರೆಸುವ ಘೋಷಣೆಯಾಯಿತು. ಕಬ್ಬಿಣದೊಡನೆ ಫೋಲಿಕ್ ಆಮ್ಲವೂ ಅದರಲ್ಲಿ ಸೇರಿತು. ಕೋಟಿಗಟ್ಟಲೆ ಜನ ಆ ಅನ್ನ ಉಂಡರು. ಬೆನ್ನುಹುರಿ ತೆರೆದ ಮಕ್ಕಳು ಕಡಿಮೆ ಹುಟ್ಟಿದರೆ? ಒಂದಾದರೂ ಕಡಿಮೆಯಾಯಿತೆ? ಹಾಕಿದ ಹಣಕ್ಕೆ ಫಲ ಬಂತೆಂದು ಎದೆತಟ್ಟಿ ಹೇಳುವ ಅವಕಾಶವನ್ನೂ ಸರ್ಕಾರ ತಾನೇ ಕಳೆದುಕೊಂಡಿತು. ಮೊದಲಿನ ಲೆಕ್ಕವಿದ್ದರಲ್ಲವೆ ಆಮೇಲಿನದನ್ನು ಅದರ ಪಕ್ಕದಲ್ಲಿಡುವುದು!

ಏನು ಮಾಡಬೇಕೆಂಬುದು ಕಷ್ಟದ್ದಲ್ಲ. ಕಾಯಿದೆಯ 30ನೆಯ ವಿಧಿಯಂತೆ ಇದರ ನಿಯಮಗಳನ್ನು ರಾಜ್ಯ ಸರ್ಕಾರ ಕೇಂದ್ರದ ಒಪ್ಪಿಗೆ ಪಡೆದು ಮಾಡಬಹುದು. ಕರ್ನಾಟಕದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶಕರೇ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿ. ಅವರಿಂದ ಒಂದು ಪ್ರಸ್ತಾವ ಹೊರಟು ದೆಹಲಿಯ ರಿಜಿಸ್ಟ್ರಾರ್ ಜನರಲ್ಲರ ಕಚೇರಿಗೆ ಬಂದರೆ, ಅಲ್ಲಿ ಕೂತು ಅದನ್ನು ಮುಂದೂಡುವುದಕ್ಕೋ ಮುಂದೆ ದೂಡುವುದಕ್ಕೋ ನಮ್ಮಂಥವರೇ ಇದ್ದಾರೆ. ಇಂಥ ಕಡತ ಏಕೆ ನಿಲ್ಲುತ್ತದೆ, ಹೇಗೆ ನಡೆಯುತ್ತದೆ ಎಂದು ಈ ಊರಿನ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಅರ್ಧ ಜನ ಅದೇ ಅನ್ನ ತಿನ್ನುವವರು.

ಮುಂದಿನ ರಾಜ್ಯೋತ್ಸವದ ಸಭೆಯಲ್ಲಿ ಮಹಾಜನ ವರದಿಯ ನಿರ್ಣಯದ ಕೆಳಗೆ ಇದನ್ನೂ ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳುತ್ತೇವೆ. ಒಕ್ಕಣೆ ಹೀಗಿರಬಹುದು: ಜನನ ವರದಿಯ ಮತ್ತು ನಿರ್ಜೀವ ಜನನ ವರದಿಯ ಅಂಕಿಅಂಶದ ಭಾಗದಲ್ಲಿ, ಶಿಶುವಿನ ತೂಕದ ಕಾಲಮ್ಮಿನ ತರುವಾಯ, ಹುಟ್ಟಿನಿಂದ ಕಾಣುವ ನ್ಯೂನತೆ ಇದೆಯೆ, ಇದ್ದಲ್ಲಿ ಯಾವುದು ಎಂಬ ಕಾಲಮ್ಮನ್ನು ಸೇರಿಸತಕ್ಕದ್ದು, ತಾಲೂಕುವಾರು ಸಂಖ್ಯೆಯನ್ನು ಹೆಸರುಗಳಿಲ್ಲದೆ ಪ್ರತಿ ವರ್ಷ ಪ್ರಕಟಿಸತಕ್ಕದ್ದು. ಪ್ರತಿ ಬೆಂಗಳೂರಿಗೊಂದು, ತಿರುವನಂತಪುರಕ್ಕೊಂದು. ಎಣ್ಮಕಜೆ ಪಂಚಾಯತಿಗೂ ಒಂದು ಪ್ರತಿ ಕಳಿಸೋಣ, ಕನ್ನಡದಲ್ಲಿ.